ಕೊಡಗಿನ ಮನೆಯಲ್ಲಿ ಕಂಪ್ಯೂಟರಿಗೆ ವಾಟರ್ ಕೂಲಿಂಗ್: ಮೊದಲ ಲೂಪ್ ಕಟ್ಟುವ ಬಗೆ

65 ವ್ಯಾಟ್‌ನ ಪ್ರೊಸೆಸರ್ ಇಟ್ಟುಕೊಂಡು ಬ್ರೌಸಿಂಗ್, ಲೆಕ್ಕಪತ್ರ, ಆನ್‌ಲೈನ್ ಕ್ಲಾಸು ಇಷ್ಟಕ್ಕೇ ಕಂಪ್ಯೂಟರ್ ಬಳಸುವವರಿಗೆ ಕಸ್ಟಮ್ ವಾಟರ್ ಕೂಲಿಂಗ್ ದಂಡದ ಖರ್ಚು. ಮಡಿಕೇರಿಯಂಥ ತಂಪು ಊರಲ್ಲಿ ಅದಕ್ಕೆ ಸಾಧಾರಣ ಏರ್ ಕೂಲರ್ ಸಾಕು. ಪ್ರೊಸೆಸರ್ ಜೊತೆಗೆ 200 ವ್ಯಾಟ್ ಮೀರಿದ ಗ್ರಾಫಿಕ್ಸ್ ಕಾರ್ಡೂ ಗಂಟೆಗಟ್ಟಲೆ ದುಡಿಯುವ ಕಡೆ, ಅಂದರೆ ವಿಡಿಯೊ ಎಡಿಟಿಂಗ್, ರೆಂಡರಿಂಗ್, ಭಾರಿ ಗೇಮುಗಳಿರುವ ಕಡೆ, ಲೂಪ್‌ಗೆ (ಪಂಪ್ ತಳ್ಳಿದ ನೀರು ಚಿಪ್ ಮೇಲೆ ಕೂರುವ ಲೋಹದ ಬ್ಲಾಕ್, ಶಾಖ ಹೊರಬಿಡುವ ರೇಡಿಯೇಟರ್ ಇವನ್ನು ಹಾದು ಮತ್ತೆ ಪಂಪಿಗೆ ಮರಳುವ ಸುತ್ತಿಗೆ) ಅರ್ಥ ಬರುತ್ತದೆ. ಅಲ್ಲೂ ಸಿಗುವ ಮುಖ್ಯ ಲಾಭ ಸದ್ದು ಅಡಗುವುದು. ತಂಪು ಎರಡನೆಯದು.

ಕೊಡಗಿನಲ್ಲಿ ಲೂಪ್ ಕೆಡಲು ಬಿಸಿ ಅಷ್ಟಾಗಿ ಕಾರಣವಾಗುವುದಿಲ್ಲ. ತೇವ, ದೂಳು, ಬೇಕಾದಾಗ ಸಿಗದ ಬಿಡಿಭಾಗ, ಈ ಮೂರೇ ಕಾಡುವುದು. ಜಿಲ್ಲೆಗೆ ರೈಲಿಲ್ಲ, ಬಂದದ್ದೆಲ್ಲ ರಸ್ತೆಯಲ್ಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಆದ್ದರಿಂದ ಮೊದಲ ಲೂಪ್ ನೋಡಲು ಸಪ್ಪೆಯಾಗಿದ್ದರೂ ಸರಿ, ಮನೆಯಲ್ಲೇ ಅರ್ಧ ಗಂಟೆಯಲ್ಲಿ ಖಾಲಿ ಮಾಡಿ ಬಿಚ್ಚುವಂತಿರಬೇಕು. ಮುಂದಿನ ಆಯ್ಕೆಗಳೆಲ್ಲ ಈ ಲೆಕ್ಕದಲ್ಲೇ ಇವೆ. ಕೆಲಸಕ್ಕೆ ಕೈ ಹಾಕುವುದೂ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಆದರೆ ಒಳ್ಳೆಯದು.

ಎಷ್ಟು ರೇಡಿಯೇಟರ್ ಬೇಕು

ಪ್ರೊಸೆಸರ್ 120 ವ್ಯಾಟ್, ಗ್ರಾಫಿಕ್ಸ್ ಕಾರ್ಡ್ 250 ವ್ಯಾಟ್ ಎಂದುಕೊಳ್ಳಿ. ಒಟ್ಟು 370 ವ್ಯಾಟ್ ಶಾಖ ನೀರಿಗೆ ಸೇರಿ, ಅಲ್ಲಿಂದ ಗಾಳಿಗೆ ಹೋಗಬೇಕು. 120 ಮಿ.ಮೀ. ಫ್ಯಾನ್ ಒಂದು ಕೂರುವಷ್ಟು ರೇಡಿಯೇಟರ್ ಭಾಗ ಮೆಲ್ಲಗೆ ತಿರುಗುವ ಫ್ಯಾನಿನಲ್ಲಿ 75ರಿಂದ 100 ವ್ಯಾಟ್ ಸಾಗಿಸುತ್ತದೆ ಎಂಬ ಒರಟು ಲೆಕ್ಕ ಹಿಡಿದರೆ ಐದು ಭಾಗ ಬೇಕು: ಮೇಲೆ ಮೂರು ಫ್ಯಾನಿನ 360, ಮುಂದೆ ಎರಡು ಫ್ಯಾನಿನ 240. ದಪ್ಪ 27–30 ಮಿ.ಮೀ. ಸಾಕು. 60 ಮಿ.ಮೀ. ದಪ್ಪದ್ದನ್ನು ತಂದು ಆಮೇಲೆ ಕ್ಯಾಬಿನೆಟ್‌ನಲ್ಲಿ ರ‍್ಯಾಮ್‌ಗೆ ತಾಗುತ್ತದೆ ಎಂದು ಕಂಡುಕೊಳ್ಳುವವರೇ ಹೆಚ್ಚು. ರೇಡಿಯೇಟರ್ ದಪ್ಪ, ಫ್ಯಾನಿನ 25 ಮಿ.ಮೀ., ಫಿಟಿಂಗ್ ತಿರುಗಲು ಇನ್ನೊಂದು 30 ಮಿ.ಮೀ. ಇವನ್ನು ಕೂಡಿಸಿ ಕ್ಯಾಬಿನೆಟ್ ಒಳಗೆ ಸ್ಕೇಲ್ ಹಿಡಿದು ನೋಡಿ, ಆಮೇಲೆ ಆರ್ಡರ್ ಮಾಡಿ.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ, ಅದೇ ಉಷ್ಣತೆಯ ಗಾಳಿ ಮಂಗಳೂರಿನದಕ್ಕಿಂತ ಶೇ 12ರಷ್ಟು ತೆಳು. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಶಾಖ ತುಸು ಕಡಿಮೆ. ಕೋಣೆಯೇ ಏಳೆಂಟು ಡಿಗ್ರಿ ತಂಪಾಗಿರುವುದರಿಂದ ಇದು ತೊಂದರೆಯಾಗಿ ಕಾಣುವುದಿಲ್ಲ. ಕುಶಾಲನಗರದ ಕಡೆ ಏಪ್ರಿಲ್‌ನಲ್ಲಿ ಬಿಸಿಲು ಚುರುಕು, ಅಲ್ಲಿಯವರು ರೇಡಿಯೇಟರ್‌ನಲ್ಲಿ ಜಿಪುಣತನ ಮಾಡಬಾರದು.

ಸಾಮಾನು

ತರಬೇಕಾದದ್ದು ಇಷ್ಟು:

- ಸಿಪಿಯು (ಪ್ರೊಸೆಸರ್) ಬ್ಲಾಕ್, ನಿಮ್ಮ ಸಾಕೆಟ್‌ಗೆ ಹೊಂದುವ ಬ್ರ್ಯಾಕೆಟ್ ಸಮೇತ
- ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್
- ಡಿ5 ಮಾದರಿಯ ಪಂಪ್ ಮತ್ತು ರಿಸರ್ವಾಯರ್ (ನೀರಿನ ತೊಟ್ಟಿ) ಒಟ್ಟಿಗೇ ಕೂಡಿರುವ ಸೆಟ್
- 360 ಮತ್ತು 240 ರೇಡಿಯೇಟರ್, ಐದು ಫ್ಯಾನ್
- ಟ್ಯೂಬ್ 3 ಮೀಟರ್, ಕಂಪ್ರೆಷನ್ ಫಿಟಿಂಗ್ (ಬಳೆ ಬಿಗಿದು ಟ್ಯೂಬ್ ಹಿಡಿದಿಡುವ ಕೊಂಡಿ) 12, ತಿರುಗುವ 90 ಡಿಗ್ರಿ ಫಿಟಿಂಗ್ 4
- ಖಾಲಿ ಮಾಡಲು ಟೀ ಕವಲು ಒಂದು, ಬಾಲ್ ವಾಲ್ವ್ ಒಂದು, ಇವೆರಡನ್ನು ಜೋಡಿಸುವ ಎರಡೂ ಕಡೆ ಥ್ರೆಡ್ ಇರುವ ತುಂಡು, ವಾಲ್ವ್ ತುದಿಗೊಂದು ಪ್ಲಗ್
- ಕೂಲೆಂಟ್ 2 ಲೀಟರ್, ತೊಳೆಯಲು ಡಿಸ್ಟಿಲ್ಡ್ ವಾಟರ್ 5 ಲೀಟರ್
- ಗೇಜ್ ಇರುವ ಲೀಕ್ ಟೆಸ್ಟರ್, 24 ಪಿನ್ ಜಂಪರ್ ಪ್ಲಗ್ (ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈಯನ್ನು ಮದರ್‌ಬೋರ್ಡ್ ಇಲ್ಲದೆ ಚಾಲೂ ಮಾಡಲು), ಚಿಪ್‌ನ ಶಾಖ ಬ್ಲಾಕಿಗೆ ದಾಟಿಸುವ ಥರ್ಮಲ್ ಪೇಸ್ಟ್

ಬಜೆಟ್ ಹಳಿ ತಪ್ಪುವುದು ಬ್ಲಾಕಿನಿಂದಲ್ಲ, ಫಿಟಿಂಗ್‌ನಿಂದ. ಒಂದೊಂದಕ್ಕೂ ನೂರಾರು ರೂಪಾಯಿ, ಎಣಿಸಿದರೆ ಹದಿನೈದಕ್ಕೂ ಹೆಚ್ಚು.

ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ತರುವಾಗ ಚಿಪ್‌ನ ಹೆಸರು ಹೊಂದಿದರೆ ಸಾಲದು, ಕಾರ್ಡ್ ತಯಾರಿಸಿದ ಕಂಪನಿ, ಮಾಡೆಲ್ ಎರಡೂ ಹೊಂದಬೇಕು. ಒಂದೇ ಚಿಪ್ ಇದ್ದರೂ ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ಜಾಗ ಬೇರೆ ಬೇರೆ. ಬೈಕ್ಸ್ಕಿ, ಬ್ಯಾರೋ, ಆಲ್ಫಾಕೂಲ್ ಮುಂತಾದವರು ಮಾಡೆಲ್‌ವಾರು ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಕಾರ್ಡ್ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಲೂಪ್‌ನಿಂದ ಹೊರಗಿಡಿ.

ಲೋಹದ ವಿಷಯದಲ್ಲಿ ರಾಜಿ ಬೇಡ. ತಾಮ್ರ, ಹಿತ್ತಾಳೆ, ನಿಕಲ್ ಲೇಪನ ಇವು ಒಟ್ಟಿಗೆ ಬಾಳುತ್ತವೆ. ಅಲ್ಯೂಮಿನಿಯಂ ರೇಡಿಯೇಟರ್ ಒಂದು ಸೇರಿಕೊಂಡರೆ ತಾಮ್ರದ ಜೊತೆ ಅದು ಬ್ಯಾಟರಿಯಂತೆ ವರ್ತಿಸಿ, ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ರೇಡಿಯೇಟರ್‌ಗಳು ಬಹುಪಾಲು ಅಲ್ಯೂಮಿನಿಯಂನವೇ. ವಿವರದಲ್ಲಿ ತಾಮ್ರ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಮುಟ್ಟಬೇಡಿ.

ಟ್ಯೂಬ್‌ಗೆ ಇಪಿಡಿಎಂ ರಬ್ಬರ್ ನಮ್ಮ ಶಿಫಾರಸು, ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ. ಕಪ್ಪಗಿದೆ, ಫೋಟೊಗೆ ಚೆಂದ ಕಾಣುವುದಿಲ್ಲ, ನಿಜ. ಆದರೆ ಸ್ವಚ್ಛವಾಗಿ ಕಾಣುವ ಪಿವಿಸಿ ಟ್ಯೂಬ್‌ನಿಂದ ಅದನ್ನು ಮೆತ್ತಗಿಡುವ ರಾಸಾಯನಿಕ ಕಾಲಕ್ರಮೇಣ ನೀರಿಗೆ ಬಿಟ್ಟುಕೊಂಡು ಬ್ಲಾಕ್ ಒಳಗೆ ಬಿಳಿ ಅಂಟಾಗಿ ಕೂರುತ್ತದೆ. ಕಪ್ಪು ಟ್ಯೂಬ್‌ನಲ್ಲಿ ಬೆಳಕೂ ಒಳ ಹೋಗುವುದಿಲ್ಲವಾದ್ದರಿಂದ ಪಾಚಿಗೆ ಅವಕಾಶ ಕಡಿಮೆ. ಗಟ್ಟಿ ಪೈಪಿನ ಆಸೆ ಎರಡನೇ ಲೂಪ್‌ಗೆ ಇರಲಿ.

ಯಾವ ನೀರು

ಮನೆಯ ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣ, ಕಬ್ಬಿಣ, ಸೂಕ್ಷ್ಮಜೀವಿ ಇದ್ದೇ ಇರುತ್ತವೆ. ಆರ್‌ಒ ನೀರೂ ಬೇಡ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರಿನ ಗುಣಮಟ್ಟ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ರೇಡಿಯೇಟರ್ ಮೊದಲ ಸುತ್ತು ತೊಳೆಯಲು ಆದೀತು, ತುಂಬಲು ಬೇಡ. ತುಂಬಲು ಪಿಸಿ ಕೂಲೆಂಟ್ ಎಂದೇ ಮಾರುವ, ಪಾರದರ್ಶಕವಾಗಿ ತೆಳು ಬಣ್ಣವಿರುವ ದ್ರವ ತನ್ನಿ. ತುಕ್ಕು ತಡೆಯುವ, ಪಾಚಿ ಕೊಲ್ಲುವ ಅಂಶಗಳು ಅದರಲ್ಲೇ ಇರುತ್ತವೆ. ಹಾಲಿನಂತೆ ಗಾಢವಾಗಿ ಕಾಣುವ ಕೂಲೆಂಟ್‌ಗಳಲ್ಲಿ ತೇಲುವ ಕಣಗಳಿವೆ. ಬ್ಲಾಕ್ ಒಳಗಿನ ತಾಮ್ರದ ಗೆರೆಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಿರಿದು, ಕಣಗಳು ಅಲ್ಲೇ ಕೂತು ಕಟ್ಟಿಕೊಳ್ಳುತ್ತವೆ.

ತೋಟದ ಮನೆಗಳಲ್ಲಿ ಎರಡು ಪ್ರಲೋಭನೆಗಳಿವೆ. ಒಂದು, ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತವನ್ನು ಪಾಚಿಗೆ ಮದ್ದೆಂದು ಒಂದು ಚಿಟಿಕೆ ಹಾಕುವುದು. ಸಿಂಪರಣೆಯ ಮೈಲುತುತ್ತ ಶುದ್ಧವಲ್ಲ, ಚಿಟಿಕೆಯ ಅಳತೆಗೆ ಅರ್ಥವಿಲ್ಲ, ನಿಕಲ್ ಲೇಪನಕ್ಕೂ ಅದು ಆಗಿಬರುವುದಿಲ್ಲ. ಇನ್ನೊಂದು, ಜೀಪಿಗೆ ಹಾಕುವ ಹಸಿರು ಕೂಲೆಂಟ್. ಅದು ಎಂಜಿನ್ನಿಗೆ ತಕ್ಕಂತೆ ಮಾಡಿದ್ದು, ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಅದು ಅಲಮಾರಿಯಲ್ಲೇ ಇರಲಿ.

ಜೋಡಣೆ

ರೇಡಿಯೇಟರ್ ಹೊಸದಾದರೂ ಒಳಗೆ ಬೆಸುಗೆಯ ಚೂರು, ಫ್ಲಕ್ಸ್ ಉಳಿದಿರುತ್ತದೆ. ಕೈಗೆ ತಾಳುವಷ್ಟು ಬಿಸಿಯ ನೀರನ್ನು ಅರ್ಧ ತುಂಬಿ, ಎರಡೂ ಬಾಯಿಗೆ ಪ್ಲಗ್ ಹಾಕಿ, ಎರಡು ನಿಮಿಷ ಚೆನ್ನಾಗಿ ಕುಲುಕಿ ಬಿಳಿ ಪಾತ್ರೆಗೆ ಸುರಿಯಿರಿ. ಪಾತ್ರೆಯ ತಳದಲ್ಲಿ ಕಪ್ಪು ಚುಕ್ಕಿ ಕಾಣುವುದು ನಿಲ್ಲುವವರೆಗೆ ಇದೇ ಕೆಲಸ, ಐದಾರು ಸುತ್ತು ಹಿಡಿಯುತ್ತದೆ. ಕೊನೆಯ ಎರಡು ಸುತ್ತು ಡಿಸ್ಟಿಲ್ಡ್ ವಾಟರ್‌ನಲ್ಲಿ.

ಫ್ಯಾನ್ ಕೂರಿಸುವಾಗ ಸ್ಕ್ರೂ ಉದ್ದ ನೋಡಿ. 25 ಮಿ.ಮೀ. ಫ್ಯಾನಿಗೆ 30 ಮಿ.ಮೀ. ಸ್ಕ್ರೂ ಸರಿ. ಡಬ್ಬದಲ್ಲಿದ್ದ ಉದ್ದದ ಸ್ಕ್ರೂ ತಿರುಪಿದರೆ ಅದು ನೇರ ನೀರು ಹರಿಯುವ ಕೊಳವೆಗೆ ತೂತು ಮಾಡುತ್ತದೆ. ಹೊಸ ರೇಡಿಯೇಟರ್ ಹೀಗೆ ಹಾಳಾಗುವುದು ಅಪರೂಪವಲ್ಲ.

ಗ್ರಾಫಿಕ್ಸ್ ಕಾರ್ಡ್ ಬಿಚ್ಚುವ ಮೊದಲು ಐದು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ತಕ್ಷಣ ಹೊರತೆಗೆಯಿರಿ. ಪೇಸ್ಟ್ ಮೆತ್ತಗಾಗಿದ್ದರೆ ಹಳೆಯ ಹೀಟ್‌ಸಿಂಕ್ ಸುಲಭವಾಗಿ ಬಿಡುತ್ತದೆ. ಎಳೆಯಬೇಡಿ, ಮೆಲ್ಲಗೆ ಎಡಕ್ಕೆ ಬಲಕ್ಕೆ ಹೊರಳಿಸಿ, ಫ್ಯಾನಿನ ವೈರನ್ನು ಮೊದಲೇ ಕಳಚಿ. ವಾರಂಟಿ ಸ್ಟಿಕ್ಕರ್ ಹರಿಯುವ ಮೊದಲು ಕಂಪನಿಯ ಷರತ್ತು ಓದಿ. ಬ್ಲಾಕಿನ ಜೊತೆ ಬರುವ ಥರ್ಮಲ್ ಪ್ಯಾಡ್‌ಗಳಲ್ಲಿ ಎರಡು ಮೂರು ದಪ್ಪಗಳಿರುತ್ತವೆ: 0.5, 1, 1.5 ಮಿ.ಮೀ. ಹೀಗೆ. ಮೆಮೊರಿ ಚಿಪ್ ಮೇಲೆ 1 ಮಿ.ಮೀ. ಇರಬೇಕಾದ ಕಡೆ 1.5 ಇಟ್ಟರೆ ಬ್ಲಾಕ್ ಅಲ್ಲೇ ಎತ್ತಿ ನಿಂತು ಮುಖ್ಯ ಚಿಪ್‌ಗೆ ಸರಿಯಾಗಿ ತಾಗುವುದೇ ಇಲ್ಲ. ಪ್ಯಾಡಿನ ಎರಡೂ ಬದಿಯ ತೆಳು ಪ್ಲಾಸ್ಟಿಕ್ ಹಾಳೆ ಸುಲಿದಿದ್ದೀರಾ ಎಂದು ಬೆಳಕಿಗೆ ಹಿಡಿದು ನೋಡಿ.

ಸಿಪಿಯು ಮೇಲೆ ದಪ್ಪ ಕಾಳುಮೆಣಸಿನಷ್ಟು ಪೇಸ್ಟ್ ಸಾಕು. ಬ್ಲಾಕಿನ ನಾಲ್ಕು ನಟ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಬಿಗಿ ಮಾಡಿ. ಸಿಪಿಯು ಬ್ಲಾಕಿಗೆ ಒಳಬಾಯಿ ಯಾವುದು, ಹೊರಬಾಯಿ ಯಾವುದು ಎಂಬುದು ಮುಖ್ಯ, ಪಂಪಿಗಂತೂ ಇನ್ನೂ ಮುಖ್ಯ. ರೇಡಿಯೇಟರ್‌ಗೆ ಯಾವ ಕಡೆಯಿಂದ ಹೋದರೂ ಒಂದೇ.

ಯಾವುದರ ಮುಂದೆ ಯಾವುದು ಬರಬೇಕು ಎಂಬ ಚರ್ಚೆಗೆ ಕೊನೆಯಿಲ್ಲ, ಲೆಕ್ಕ ಮಾತ್ರ ಸರಳ. ನಿಮಿಷಕ್ಕೆ 3 ಲೀಟರ್ ನೀರು ಹರಿಯುವ ಲೂಪ್‌ಗೆ 370 ವ್ಯಾಟ್ ಸೇರಿದರೆ ನೀರು ಬಿಸಿಯಾಗುವುದು 1.8 ಡಿಗ್ರಿ. ಲೂಪಿನ ಅತಿ ತಂಪು ಜಾಗಕ್ಕೂ ಅತಿ ಬಿಸಿ ಜಾಗಕ್ಕೂ ಇರುವ ಅಂತರ ಅಷ್ಟೇ. ಆದ್ದರಿಂದ ಟ್ಯೂಬ್ ಎಲ್ಲಿ ಗಿಡ್ಡವಾಗಿ, ಮಡಿಚಿಕೊಳ್ಳದೆ ಹೋಗುತ್ತದೋ ಆ ಕ್ರಮವೇ ಸರಿ. ಒಂದೇ ನಿಯಮ: ರಿಸರ್ವಾಯರ್‌ನಿಂದ ನೀರು ತಾನಾಗಿ ಪಂಪಿಗೆ ಇಳಿಯುವಂತಿರಬೇಕು. ಒಣಗಿ ತಿರುಗಿದ ಪಂಪ್ ಬೇಗ ಸವೆಯುತ್ತದೆ.

ಟೀ ಮತ್ತು ಬಾಲ್ ವಾಲ್ವ್ ಲೂಪಿನ ಅತಿ ಕೆಳಗಿನ ಜಾಗದಲ್ಲಿ, ಸಾಮಾನ್ಯವಾಗಿ ಪಂಪ್ ಹತ್ತಿರ, ಕೈ ಹೋಗುವಂತೆ ಇರಲಿ. ಉಳಿದ ಟ್ಯೂಬ್‌ಗಳ ದಾರಿ ಹಾಕುವ ಮೊದಲೇ ಇದರ ಜಾಗ ಗುರುತು ಮಾಡಿ. ಕೊನೆಗೆ ಜಾಗ ಉಳಿದರೆ ಹಾಕೋಣ ಎಂದವರ ಲೂಪಿನಲ್ಲಿ ವಾಲ್ವ್ ಇರುವುದಿಲ್ಲ.

ಟ್ಯೂಬ್ ಕತ್ತರಿಸಲು ಕಾಫಿ ಗಿಡದ ಕಸಿ ಕತ್ತರಿ ಬೇಡ, ಅದು ಟ್ಯೂಬನ್ನು ಹಿಸುಕಿ ಓರೆಯಾಗಿ ಕತ್ತರಿಸುತ್ತದೆ. ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್‌ನಲ್ಲಿ ನೇರಕ್ಕೆ ಒಂದೇ ಎಳೆತ. ಫಿಟಿಂಗಿನ ಹೊರ ಬಳೆಯನ್ನು ಮೊದಲು ಟ್ಯೂಬ್‌ಗೆ ತೂರಿಸಿ (ಎಲ್ಲರೂ ಒಮ್ಮೆಯಾದರೂ ಮರೆಯುತ್ತಾರೆ), ತುದಿಯನ್ನು ಬಿಸಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ, ಫಿಟಿಂಗಿನ ಬುಡ ಮುಟ್ಟುವವರೆಗೆ ತಳ್ಳಿ, ಬಳೆ ಬಿಗಿ ಮಾಡಿ. ಬ್ಲಾಕಿಗೆ ತಿರುಗಿಸುವ ಕಾಲು ಇಂಚಿನ ಥ್ರೆಡ್‌ಗೆ ಪ್ಲಂಬಿಂಗ್‌ನ ಬಿಳಿ ಟೇಪ್ ಸುತ್ತುವ ಅಭ್ಯಾಸ ಇಲ್ಲಿ ನಡೆಯದು. ನೀರು ತಡೆಯುವುದು ಒ-ರಿಂಗ್ ಎಂಬ ರಬ್ಬರ್ ಬಳೆ, ಟೇಪ್ ಸುತ್ತಿದರೆ ಅದು ಸಮವಾಗಿ ಕೂರುವುದಿಲ್ಲ. ಸ್ಪ್ಯಾನರ್ ಬೇಡ, ಕೈಬಿಗಿ ಸಾಕು. ಅಕ್ರಿಲಿಕ್ ರಿಸರ್ವಾಯರ್‌ಗೆ ಸ್ಪ್ಯಾನರ್ ಹಾಕಿದರೆ ಬಿರುಕು ಬಿಡುತ್ತದೆ.

ಸೋರಿಕೆ ಪರೀಕ್ಷೆ

ನೀರು ಹಾಕುವ ಮೊದಲು ಗಾಳಿ. ಲೀಕ್ ಟೆಸ್ಟರ್‌ನಲ್ಲಿ 0.5 ಬಾರ್ ಒತ್ತಡಕ್ಕೆ ಗಾಳಿ ತುಂಬಿ 30 ನಿಮಿಷ ಬಿಡಿ. ಮುಳ್ಳು ಕದಲಬಾರದು. ಮೊದಲ ಎರಡು ಮೂರು ನಿಮಿಷ ಟ್ಯೂಬ್ ಹಿಗ್ಗಿ ಕೂದಲೆಳೆಯಷ್ಟು ಇಳಿದು ನಿಂತರೆ ಚಿಂತೆಯಿಲ್ಲ, ಇಳಿಯುತ್ತಲೇ ಹೋದರೆ ಸೋರಿಕೆ ಇದೆ. ಆಗ ಲೂಪನ್ನು ಎರಡು ಪಾಲು ಮಾಡಿ, ಪ್ಲಗ್ ಹಾಕಿ, ಒಂದೊಂದನ್ನೇ ಪರೀಕ್ಷಿಸಿ. ಗೇಜ್ ಇಲ್ಲದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯುವುದು ಅಪಾಯ.

ಈಗ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಎಲ್ಲ ಕೇಬಲ್ ಕಳಚಿ, ಪಂಪ್ ಒಂದಕ್ಕೇ ಕರೆಂಟ್ ಉಳಿಸಿ. 24 ಪಿನ್ ಕನೆಕ್ಟರಿಗೆ ಜಂಪರ್ ಪ್ಲಗ್ ಹಾಕಿ. ಹಸಿರು ತಂತಿ–ಕಪ್ಪು ತಂತಿ ಸೇರಿಸುವ ಹಳೆಯ ಉಪಾಯ ಗೊತ್ತಿರಬಹುದು, ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಹೆಚ್ಚಾಗಿ ಎಲ್ಲ ತಂತಿಯೂ ಕಪ್ಪು, ಊಹೆ ಮಾಡಬೇಡಿ. ರಿಸರ್ವಾಯರ್ ತುಂಬಿಸಿ, ಸ್ವಿಚ್ ಹಾಕಿ, ನೀರು ಇಳಿದು ತಳ ಕಾಣುವ ಮೊದಲೇ ಆರಿಸಿ, ಮತ್ತೆ ತುಂಬಿಸಿ. ಹತ್ತಾರು ಸಲ ಹೀಗೆ ಮಾಡಿದಾಗ ಲೂಪ್ ತುಂಬುತ್ತದೆ. ಈ ಅಳತೆಯ ಲೂಪ್‌ಗೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಆಮೇಲೆ ಪಂಪ್ ಪೂರ್ತಿ ವೇಗದಲ್ಲಿಟ್ಟು ಕ್ಯಾಬಿನೆಟನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ವಾಲಿಸಿ. ಮೇಲಿನ ರೇಡಿಯೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿ ಗುಳುಗುಳು ಎನ್ನುತ್ತ ಹೊರಬರುತ್ತದೆ.

ಪ್ರತಿ ಫಿಟಿಂಗಿನ ಕೆಳಗೆ ಟಿಶ್ಯೂ ಇಟ್ಟು 24 ಗಂಟೆ ಪಂಪ್ ಓಡಲಿ. ಮಳೆಗಾಲದಲ್ಲಿ ಇದನ್ನು ಮಾಡುವವರಿಗೆ ಒಂದು ಸೂಕ್ಷ್ಮ: ಜುಲೈನಲ್ಲಿ ಮಡಿಕೇರಿಯ ಕೋಣೆಯಲ್ಲಿ ಕಾಗದ ಸುಮ್ಮನೆ ಇಟ್ಟರೂ ತಣ್ಣಗೆ, ಮೆತ್ತಗೆ ಆಗುತ್ತದೆ. ಅದನ್ನು ಮುಟ್ಟಿ ಸೋರಿದೆ ಎಂದು ಗಾಬರಿಯಾಗುವುದೂ ಉಂಟು, ನಿಜವಾಗಿ ಜಿನುಗಿದಾಗ ಮಳೆಯ ತೇವವೆಂದು ಬಿಡುವುದೂ ಉಂಟು. ಮೇಜಿನ ಮೇಲೆ ಇನ್ನೊಂದು ಟಿಶ್ಯೂ ಇಟ್ಟುಕೊಂಡು ಎರಡನ್ನೂ ಮುಟ್ಟಿ ಹೋಲಿಸಿ. ಕೂಲೆಂಟ್‌ಗೆ ತೆಳು ಬಣ್ಣವಿರಲಿ ಎಂದದ್ದೂ ಇದಕ್ಕೇ, ಜಿನುಗಿದ ಕಡೆ ಬಣ್ಣದ ಕಲೆ ಬೀಳುತ್ತದೆ.

ರಾತ್ರಿ ಕರೆಂಟ್ ಹೋಗಿ ಬಂದರೆ ಪಂಪ್ ನಿಂತು ಮತ್ತೆ ಹೊರಡುತ್ತದೆ, ಅದರಿಂದ ಕೆಡುಕಿಲ್ಲ.

ಮೊದಲ ಬೂಟ್

ಪಂಪಿನ ಕರೆಂಟ್ ಎಸ್‌ಎಂಪಿಎಸ್‌ನಿಂದಲೇ ಬರಲಿ, ವೇಗ ತಿಳಿಸುವ ತಂತಿ ಮಾತ್ರ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಪಿನ್‌ಗೆ. ಪಂಪ್ ನಿಂತರೆ ಮದರ್‌ಬೋರ್ಡಿನ ಮೂಲ ಪ್ರೋಗ್ರಾಮ್ ಆದ ಬಯಾಸ್ ಎಚ್ಚರಿಸುತ್ತದೆ. ಗ್ರೌಂಡಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದುಂಟು. ನೀರು ಸೇರಿಸುವ ಮೊದಲು ಅರ್ಥಿಂಗ್ ಸರಿಪಡಿಸಿ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆ ಓಡಿದ ಮೇಲೆ ನೀರು ಕೋಣೆಯ ಗಾಳಿಗಿಂತ 8ರಿಂದ 12 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಲೂಪ್ ಚೆನ್ನಾಗಿದೆ. ಅಳೆಯಲು ಫಿಟಿಂಗ್ ರೂಪದ ಸೆನ್ಸರ್ ಸಿಗುತ್ತದೆ. ಕೆಟ್ಟಿದ್ದರೆ ಬಿಸಿ ಏರುವ ವೇಗವೇ ಕಾರಣ ಹೇಳುತ್ತದೆ. ಪ್ರೊಸೆಸರ್ ಕೆಲವೇ ಸೆಕೆಂಡಿನಲ್ಲಿ 95 ಮುಟ್ಟಿದರೆ ಬ್ಲಾಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪಂಪ್ ತಿರುಗುತ್ತಿಲ್ಲ. ಇಪ್ಪತ್ತು ಮೂವತ್ತು ನಿಮಿಷ ಮೆಲ್ಲಗೆ ಏರುತ್ತಲೇ ಹೋದರೆ ರೇಡಿಯೇಟರ್ ಸಾಲದು, ಇಲ್ಲವೇ ಗಾಳಿಗೆ ದಾರಿಯಿಲ್ಲ. ಫ್ಯಾನಿನ ವೇಗ ನೀರಿನ ಬಿಸಿಯನ್ನು ಅನುಸರಿಸಲಿ: 35 ಡಿಗ್ರಿಯವರೆಗೆ ನಿಮಿಷಕ್ಕೆ 700 ಸುತ್ತು, 40ಕ್ಕೆ 1,200. ಪ್ರೊಸೆಸರಿನ ಬಿಸಿಗೆ ಕಟ್ಟಿದರೆ ಕ್ಷಣಕ್ಕೊಮ್ಮೆ ಏರಿಳಿದು ಕಿರಿಕಿರಿ.

ಮಳೆಗಾಲ ಮತ್ತು ವರ್ಷದ ಕೆಲಸ

ಮಂಜು ಕವಿದ ಊರಲ್ಲಿ ಟ್ಯೂಬ್ ಬೆವರಿ ಬೋರ್ಡ್ ಮೇಲೆ ನೀರು ತೊಟ್ಟಿಕ್ಕೀತೆಂಬ ಭಯ ಸಹಜ. ಕೋಣೆ 20 ಡಿಗ್ರಿ, ತೇವಾಂಶ ಶೇ 90 ಇದ್ದರೆ ಸುಮಾರು 18 ಡಿಗ್ರಿಗಿಂತ ತಣ್ಣಗಿನ ವಸ್ತುವಿನ ಮೇಲೆ ಹನಿ ಕಟ್ಟುತ್ತದೆ. ಓಡುತ್ತಿರುವ ಲೂಪಿನ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದು ಸಾಧ್ಯವಿಲ್ಲ, ಆದ್ದರಿಂದ ಬೆವರುವುದಿಲ್ಲ. ಐಸ್, ಚಿಲ್ಲರ್ ಮುಂತಾದ ಪ್ರಯೋಗ ಮಾಡಿದರೆ ಮಾತ್ರ ಈ ರಕ್ಷಣೆ ಹೋಗುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಮೆಷಿನ್‌ಗೆ ಬೂಷ್ಟು ಹಿಡಿಯುವುದೇ ದೊಡ್ಡ ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಗಂಟೆಯಾದರೂ ಓಡಿಸಿ.

ಬೇಸಿಗೆಯ ಶತ್ರು ಬೇರೆ. ಕಣದಲ್ಲಿ ಕಾಫಿ ಒಣಗುವ ತಿಂಗಳುಗಳಲ್ಲಿ ಕೆಂಪು ದೂಳು, ಒಲೆಯ ಮಸಿ ರೇಡಿಯೇಟರ್ ರೆಕ್ಕೆಗಳಲ್ಲಿ ಕೂರುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ, ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಆಯುಧಪೂಜೆಗೆ ಅರಿಶಿನ ಕುಂಕುಮ ಕ್ಯಾಬಿನೆಟ್‌ನ ಗಾಜಿಗೆ ಹಚ್ಚಿ, ಗಾಳಿ ಎಳೆಯುವ ಕಡೆಗೆ ಎರಚಬೇಡಿ.

ಮೇ ಕೊನೆಯೊಳಗೆ ಮನೆಯಲ್ಲಿರಬೇಕಾದ ಮೀಸಲು: ಒಂದು ಮೀಟರ್ ಟ್ಯೂಬ್, ಎರಡು ಫಿಟಿಂಗ್, ಎರಡು ಪ್ಲಗ್, ಒ-ರಿಂಗ್ ಪೊಟ್ಟಣ, ಒಂದು ಲೀಟರ್ ಕೂಲೆಂಟ್. ಹಳೆಯ ಏರ್ ಕೂಲರನ್ನೂ, ಗ್ರಾಫಿಕ್ಸ್ ಕಾರ್ಡಿನ ಹಳೆಯ ಹೀಟ್‌ಸಿಂಕನ್ನೂ ಸ್ಕ್ರೂ ಸಮೇತ ಕಟ್ಟಿಡಿ. ಪಂಪ್ ಆಗಸ್ಟ್‌ನಲ್ಲಿ ಕೈಕೊಟ್ಟರೆ ಹೊಸದು ಬರುವವರೆಗೆ ಕೆಲಸ ನಡೆಯುವುದು ಅವುಗಳಿಂದಲೇ.

ಸೋರಿದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕ್ಯಾಬಿನೆಟ್ ಮುಟ್ಟಿ. ಗ್ಲೈಕಾಲ್ ಇರುವ ಕೂಲೆಂಟ್ ನೀರಿನಂತೆ ಆರಿಹೋಗುವುದಿಲ್ಲ, ಅಂಟಾಗಿ ಉಳಿಯುತ್ತದೆ. ಬಿದ್ದ ಬೋರ್ಡನ್ನು ಬಿಚ್ಚಿ, ಬ್ಯಾಟರಿ ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಒರೆಸಿ, ನಂತರ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆಯ ಬ್ರಶ್ ಆಡಿಸಿ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಲು ಇಟ್ಟರೆ ಮಸಿ ಕೂರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ದಿನ ಇಡಿ.

ಕೂಲೆಂಟ್ ವರ್ಷಕ್ಕೊಮ್ಮೆ ಬದಲಿಸಿ, ಹುತ್ತರಿ ಕಳೆದ ಮೇಲಿನ ಒಣ ವಾರಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಬಿಳಿ ಪಾತ್ರೆಗೆ ಬಸಿದು ಬಣ್ಣ ನೋಡಿ. ಮೊದಲಿನ ಬಣ್ಣವೇ ತುಸು ಮಾಸಿದ್ದರೆ ಹೊಸದು ತುಂಬಿ ಮುಗಿಸಿ. ಹಸಿರು ಎಳೆ, ಲೋಳೆ ಕಂಡರೆ ಪಾಚಿ. ನೀಲಿ-ಹಸಿರಿಗೆ ತಿರುಗಿದ್ದರೆ ತಾಮ್ರ ಕರಗುತ್ತಿದೆ. ಬೂದು ಹುಡಿ ಇದ್ದರೆ ಎಲ್ಲೋ ಅಲ್ಯೂಮಿನಿಯಂ ನುಸುಳಿರಬಹುದು. ಈ ಮೂರರಲ್ಲಿ ಯಾವುದಿದ್ದರೂ ಬ್ಲಾಕ್ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್‌ನಲ್ಲಿ ಗೆರೆಗಳನ್ನು ತೊಳೆದೇ ಮತ್ತೆ ತುಂಬಬೇಕು. ಬಸಿದದ್ದನ್ನು ಮುಚ್ಚಳವಿರುವ ಕ್ಯಾನಿಗೆ ಹಾಕಿ, ಹೆಸರು ಬರೆದು ಎತ್ತರದಲ್ಲಿಡಿ. ಗ್ಲೈಕಾಲ್ ಸಿಹಿ, ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕುತ್ತದೆ. ಬಾವಿಯ ಬಳಿಯ ಚರಂಡಿಗಂತೂ ಬಿಡಲೇಬೇಡಿ.